ನ್ಯೂಯಾರ್ಕ್ ಟೈಮ್ಸ್ ‘ಟಾರ್ಚರ್’ ಎಂದು ಬರೆಯಲು ಹತ್ತು ವರ್ಷ ಬೇಕಾಯಿತೇಕೆ?

ಅಚ್ಚುಮೊಳೆ

ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಪದಬಳಕೆಯ ಪಾಠ ಮಾಡುವಾಗ ನಾನು ತಪ್ಪದೆ ಎತ್ತಿಕೊಳ್ಳುವ ಪ್ರಕರಣವೊಂದಿದೆ. ನಮ್ಮ ಈ ಚರ್ಚಾಕೂಟದಲ್ಲಿ ಸುದ್ದಿಮನೆಯಲ್ಲಿ ಪಳಗಿದವರೂ ಇದ್ದಾರೆ, ವಕೀಲರೂ ಇದ್ದಾರೆ. ಅದಕ್ಕೇ ಚರ್ಚೆಗೆ ಇಡುತ್ತಿದ್ದೇನೆ.

2004ರ ಏಪ್ರಿಲ್ 28ರಂದು ಸಿಬಿಎಸ್ ವಾಹಿನಿ ಇರಾಕಿನ ಅಬು ಘ್ರೈಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಚಿತ್ರಗಳನ್ನು ಪ್ರಸಾರ ಮಾಡಿತು. ವಾರ ತುಂಬುವಷ್ಟರಲ್ಲಿ, ಮೇ 4ರಂದು, ಅಮೆರಿಕದ ರಕ್ಷಣಾ ಸಚಿವ ಡೊನಾಲ್ಡ್ ರಮ್ಸ್‌ಫೆಲ್ಡ್ ಪತ್ರಕರ್ತರ ಮುಂದೆ ನಿಂತರು. ಈವರೆಗೆ ಕೇಳಿಬಂದಿರುವುದು ‘ಅಬ್ಯೂಸ್’ (ದುರ್ವರ್ತನೆ) ಆರೋಪ, ಅದು ತಾಂತ್ರಿಕವಾಗಿ ‘ಟಾರ್ಚರ್’ಗಿಂತ (ಚಿತ್ರಹಿಂಸೆಗಿಂತ) ಬೇರೆ, ಆ ಪದದ ಗೊಡವೆಗೆ ತಾನು ಹೋಗುವುದಿಲ್ಲ ಎಂದರು. ಸಚಿವರು ಗೊಡವೆಗೆ ಹೋಗದಿದ್ದುದು ಸರಿ, ಅವರಿಗೆ ಅವರ ಹಿತ. ದೊಡ್ಡ ಪತ್ರಿಕೆಗಳೂ ಹೋಗಲಿಲ್ಲ ಎಂಬುದು ನನ್ನ ತಕರಾರು.

ಅದೇ ಮೇ ತಿಂಗಳಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಳಸಿದ ‘ವಾಟರ್‌ಬೋರ್ಡಿಂಗ್’ ಬೆಳಕಿಗೆ ಬಂತು. ಸುಮಾರು ನಾಲ್ಕು ಅಡಿ ಅಗಲ, ಏಳು ಅಡಿ ಉದ್ದದ ಇಳಿಜಾರು ಹಲಗೆಗೆ ಮನುಷ್ಯನನ್ನು ಬಿಗಿಯುತ್ತಾರೆ. ತಲೆ ಕೆಳಗೆ, ಕಾಲು ಮೇಲೆ. ಮುಖದ ಮೇಲೆ ಬಟ್ಟೆ ಹೊದಿಸಿ, ಒಂದೆರಡು ಅಡಿ ಎತ್ತರದಿಂದ ನೀರು ಸುರಿಯುತ್ತಾರೆ. ಒಂದು ಸಲಕ್ಕೆ ಇಪ್ಪತ್ತರಿಂದ ನಲವತ್ತು ಸೆಕೆಂಡು. ಈ ಅಳತೆಗಳೆಲ್ಲ ಸರ್ಕಾರದ್ದೇ ಕಡತದಲ್ಲಿವೆ. ಇದನ್ನು ಪತ್ರಿಕೆಗಳು ಏನೆಂದು ಕರೆದವು? ಹಾರ್ವರ್ಡ್ ವಿಶ್ವವಿದ್ಯಾಲಯದ ಕೆನಡಿ ಸ್ಕೂಲಿನ ವಿದ್ಯಾರ್ಥಿಗಳು 2010ರಲ್ಲಿ ಎಣಿಸಿ ನೋಡಿದರು. 1930ರ ದಶಕದಿಂದ ಶತಮಾನದ ಕೊನೆಯವರೆಗೆ ಈ ಕ್ರಮವನ್ನು ಪ್ರಸ್ತಾಪಿಸಿದ ನ್ಯೂಯಾರ್ಕ್ ಟೈಮ್ಸ್‌ನ 54 ಬರಹಗಳಲ್ಲಿ 44 ಅದನ್ನು ಟಾರ್ಚರ್ ಎಂದೋ, ಹಾಗೆ ಅರ್ಥವಾಗುವಂತೆಯೋ ಬರೆದಿದ್ದವು. 2002ರಿಂದ 2008ರ ನಡುವೆ 143 ಬರಹಗಳಲ್ಲಿ ಹಾಗೆ ಬರೆದವು ಎರಡೇ ಎರಡು. ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ ಮೊದಲು 27ಕ್ಕೆ 26, ಆಮೇಲೆ 63ಕ್ಕೆ 3.

ನೀರು ಅದೇ, ಹಲಗೆ ಅದೇ. ಪದ ಮಾತ್ರ ಮಾಯ. ಹೇಗೆ?

ಹಳೆಯ ಡೆಸ್ಕ್

ಮೇಷ್ಟ್ರೇ, ಅಂಕಿ ನೋಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ರಾತ್ರಿ ಪಾಳಿಯಲ್ಲಿ ತಲೆ ನರೆಸಿಕೊಂಡವನಾಗಿ ಆ ಡೆಸ್ಕಿನ ಪರವಾಗಿ ಎರಡು ಮಾತು ಹೇಳಬೇಕು.

ಟಾರ್ಚರ್ ಎಂಬುದು ಬರೀ ಬೈಗುಳವಲ್ಲ, ಅಪರಾಧದ ಹೆಸರು. ಕಾನೂನಿನಲ್ಲಿ ಅದಕ್ಕೆ ವ್ಯಾಖ್ಯಾನವಿದೆ, ಶಿಕ್ಷೆ ಇದೆ. ಯಾರನ್ನಾದರೂ ಪೊಲೀಸರು ಹಿಡಿದು ತಂದರೆ ನಾವು ‘ಆರೋಪಿ’ ಎನ್ನುತ್ತೇವೆ, ತೀರ್ಪು ಬರುವವರೆಗೆ ‘ಅಪರಾಧಿ’ ಎನ್ನುವುದಿಲ್ಲ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ವಾರ ಕಲಿಸುವ ಪಾಠ ಇದು. ಸರ್ಕಾರದ ಕಾನೂನು ಇಲಾಖೆಯೇ ಅದು ಟಾರ್ಚರ್ ಅಲ್ಲ ಎಂದು ಬರೆದುಕೊಟ್ಟಿರುವಾಗ, ಸುದ್ದಿಪುಟದಲ್ಲಿ ವರದಿಗಾರ ನ್ಯಾಯಾಧೀಶನ ಪೀಠ ಏರಬೇಕೇ? ಸಂಪಾದಕೀಯ ಪುಟದಲ್ಲಿ ಅದೇ ಪತ್ರಿಕೆ ಆ ಪದವನ್ನು ಧಾರಾಳವಾಗಿ ಬಳಸಿತ್ತು. ಸುದ್ದಿಗೂ ಅಭಿಪ್ರಾಯಕ್ಕೂ ನಡುವೆ ಒಂದು ಗೋಡೆ ಇರಬೇಕಲ್ಲ.

ಮತ್ತೊಂದು ಮಾತು. 2004ರ ಮೇ 13ರಂದು ಸಿಐಎಯ ಈ ನೀರಿನ ವಿಧಾನವನ್ನು ಮುದ್ರಿಸಿದ್ದೇ ನ್ಯೂಯಾರ್ಕ್ ಟೈಮ್ಸ್. 2005ರ ನವೆಂಬರಿನಲ್ಲಿ ಸಿಐಎಯ ರಹಸ್ಯ ಜೈಲುಗಳ ಸುದ್ದಿ ತಂದದ್ದು ವಾಷಿಂಗ್ಟನ್ ಪೋಸ್ಟ್. ಕೆಲಸ ಮಾಡಿದವರಿಗೆ ಅದರ ಪಾಲು ಸಲ್ಲಲಿ.

ವಕಾಲತ್ತು

ಹಳೆಯ ಡೆಸ್ಕ್ ಸರ್, ನಿಮ್ಮ ಉದಾಹರಣೆಯೇ ನಿಮ್ಮ ವಾದವನ್ನು ಬೀಳಿಸುತ್ತದೆ. ನೀವು ‘ಆರೋಪಿ’ ಎಂದು ಬರೆಯುತ್ತೀರಿ, ಒಪ್ಪಿದೆ. ಆದರೆ ಏನು ಬರೆಯುತ್ತೀರಿ? ‘ಕೊಲೆ ಆರೋಪಿ’ ಎಂದು. ಕೃತ್ಯಕ್ಕೆ ಕೊಲೆ ಎಂಬ ಹೆಸರು ಮೊದಲ ದಿನವೇ ಬಿದ್ದಿರುತ್ತದೆ, ಅನುಮಾನದ ರಕ್ಷಣೆ ಸಿಗುವುದು ವ್ಯಕ್ತಿಗೆ ಮಾತ್ರ. ಕುತ್ತಿಗೆ ಕೊಯ್ದ ಶವ ಸಿಕ್ಕಾಗ ತೀರ್ಪು ಬರುವವರೆಗೆ ‘ತೀವ್ರಗೊಳಿಸಿದ ದೇಹಸಂಪರ್ಕ’ ಎಂದು ಯಾವ ಪತ್ರಿಕೆಯೂ ಬರೆಯುವುದಿಲ್ಲ. ಅಮೆರಿಕದ ಪತ್ರಿಕೆಗಳು ಹಿಂಜರಿದದ್ದು ಯಾರನ್ನಾದರೂ ಅಪರಾಧಿ ಎನ್ನುವುದಕ್ಕಲ್ಲ, ಕೃತ್ಯಕ್ಕೇ ಹೆಸರಿಡಲು.

ಇನ್ನು ಕಾನೂನು. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದ 1984ರದ್ದು, ಅಮೆರಿಕ ಅದನ್ನು 1994ರಲ್ಲಿ ಅನುಮೋದಿಸಿತು. ತೀವ್ರವಾದ ದೈಹಿಕ ಅಥವಾ ಮಾನಸಿಕ ನೋವು ಎಂಬುದು ಅಲ್ಲಿನ ಮಾತು. 2002ರ ಆಗಸ್ಟ್ 1ರಂದು ನ್ಯಾಯ ಇಲಾಖೆಯ ಜೇ ಬೈಬಿ ಸಹಿ ಹಾಕಿದ ಟಿಪ್ಪಣಿ ಆ ‘ತೀವ್ರ’ವನ್ನು ಎಲ್ಲಿಗೆ ಎಳೆಯಿತು ಗೊತ್ತೇ? ಅಂಗಾಂಗ ವೈಫಲ್ಯಕ್ಕೋ ಸಾವಿಗೋ ಸಮನಾದ ನೋವಾಗಿರಬೇಕು ಎಂದಿತು. ಅದೇ ದಿನದ ಇನ್ನೊಂದು ಟಿಪ್ಪಣಿ ವಾಟರ್‌ಬೋರ್ಡಿಂಗ್ ಬಗ್ಗೆಯೇ ಇದೆ. ಇದರಿಂದ ಕೈದಿಗೆ ಸಾವು ಕಣ್ಣೆದುರೇ ಬಂದಂತಾಗುತ್ತದೆ ಎಂದು ಅದು ಒಪ್ಪಿಕೊಳ್ಳುತ್ತದೆ. ಒಪ್ಪಿಕೊಂಡು, ಆದರೆ ದೀರ್ಘಕಾಲದ ಮಾನಸಿಕ ಹಾನಿ ಆಗುವುದಿಲ್ಲವಾದ್ದರಿಂದ ಇದು ಟಾರ್ಚರ್ ಅಲ್ಲ ಎಂದು ಮುಗಿಸುತ್ತದೆ. ಕಿರಿಯ ವಕೀಲರು ಇಂತಹ ಕರಡು ತಂದರೆ ನಾನು ವಾಪಸ್ ಕಳುಹಿಸುತ್ತೇನೆ.

ಇದು ಆರೋಪಕ್ಕೆ ಗುರಿಯಾಗಬಹುದಾದವರು ಮುಂಚಿತವಾಗಿ, ಗುಟ್ಟಾಗಿ ಬರೆಸಿಟ್ಟುಕೊಂಡ ರಕ್ಷಣಾವಾದ. ಪತ್ರಿಕೆಗಳು ಇದನ್ನು ‘ವಿವಾದದ ಒಂದು ಪಕ್ಷ’ ಎಂದು ಎಣಿಸಿ, ಎರಡು ಪಕ್ಷಗಳ ನಡುವೆ ತಾವು ತಟಸ್ಥ ಎಂದುಕೊಂಡವು.

ಸುಮ್ಮನೆ ಓದುಗ

ನೀವೆಲ್ಲ ಪದಕ್ಕೆ ಇಷ್ಟು ಜೋತುಬಿದ್ದಿರುವುದು ನನಗೆ ಅತಿಯಾಗಿ ಕಾಣುತ್ತದೆ. ಸೆಪ್ಟೆಂಬರ್ 11ರಂದು ಮೂರು ಸಾವಿರದಷ್ಟು ಜನ ಸತ್ತ ದೇಶ ಅದು. ಓದುಗ ದಡ್ಡನಲ್ಲ. ಮುಖಕ್ಕೆ ಬಟ್ಟೆ ಕಟ್ಟಿ ನೀರು ಸುರಿದರು ಎಂದು ಓದಿದವನಿಗೆ ಅದು ಏನೆಂದು ಪತ್ರಿಕೆಯೇ ಹೇಳಿಕೊಡಬೇಕೇ? ವಿವರ ಕೊಟ್ಟರೆ ಸಾಲದೇ?

ತುಂಗೆಯ ದಡ

ಸಾಲುತ್ತಿತ್ತು, ವಿವರ ಸರಿಯಾಗಿದ್ದಿದ್ದರೆ. ಆಗಿನ ವರದಿಗಳಲ್ಲಿ ಪದೇಪದೇ ಬರುತ್ತಿದ್ದುದು ‘ಮುಳುಗಿದಂತೆ ಭಾಸವಾಗಿಸುವುದು’ ಎಂಬ ಅರ್ಥದ ಮಾತು. ಅದನ್ನು ಸ್ವತಃ ಅನುಭವಿಸಿ ಬರೆದ ಕ್ರಿಸ್ಟೋಫರ್ ಹಿಚನ್ಸ್ 2008ರಲ್ಲಿ ಇದನ್ನೇ ಆಕ್ಷೇಪಿಸಿದರು. ಭಾಸವೇನೂ ಇಲ್ಲ, ಮನುಷ್ಯ ನಿಜವಾಗಿಯೇ ಮುಳುಗುತ್ತಿರುತ್ತಾನೆ, ನಿಧಾನವಾಗಿ, ಸುರಿಯುವವರ ಮರ್ಜಿಯಂತೆ. ಇರಾಕ್ ಯುದ್ಧವನ್ನು ಬೆಂಬಲಿಸಿದ್ದ ಲೇಖಕ ಅವರು ಎಂಬುದು ನೆನಪಿರಲಿ.

ಆದರೆ ಅಚ್ಚುಮೊಳೆ ಅವರ ಚಿತ್ರಕ್ಕೂ ನನ್ನದೊಂದು ತಿದ್ದುಪಡಿ. ಹಿಂದೆ ಪತ್ರಿಕೆಗಳು ನಿರ್ಭಿಡೆಯಿಂದ ಬರೆಯುತ್ತಿದ್ದವು, 2002ರ ನಂತರ ಕೆಟ್ಟವು ಎಂಬ ಕಥೆ ಪೂರ್ತಿ ನಿಜವಲ್ಲ. 1899ರಲ್ಲಿ ಆರಂಭವಾದ ಫಿಲಿಪೀನ್ಸ್ ಯುದ್ಧದಲ್ಲಿ ಅಮೆರಿಕದ ಸೈನಿಕರು ಬಂದಿಗಳ ಬಾಯಿಗೆ ನೀರು ಹೊಯ್ದು ಹೊಟ್ಟೆ ಉಬ್ಬಿಸಿ, ಆಮೇಲೆ ಒತ್ತಿ ಕಕ್ಕಿಸುತ್ತಿದ್ದರು. ಅಂದಿನ ಪತ್ರಿಕೆಗಳಲ್ಲಿ ಇದರ ಹೆಸರು ‘ವಾಟರ್ ಕ್ಯೂರ್’, ಎಂದರೆ ಜಲಚಿಕಿತ್ಸೆ! ಶ್ರೀಮಂತರು ಆರೋಗ್ಯಧಾಮಗಳಿಗೆ ಹೋಗಿ ಮಾಡಿಸಿಕೊಳ್ಳುತ್ತಿದ್ದ ಉಪಚಾರಕ್ಕೂ ಅದೇ ಹೆಸರು. 1902ರಲ್ಲಿ ಸೆನೆಟ್ ಸಮಿತಿಯ ಮುಂದೆ ಸೈನಿಕರು ಸಾಕ್ಷಿ ಹೇಳಿದರು. ಮೇಜರ್ ಎಡ್ವಿನ್ ಗ್ಲೆನ್ ಎಂಬಾತನಿಗೆ ಸೇನಾ ನ್ಯಾಯಾಲಯ ಕೊಟ್ಟ ಶಿಕ್ಷೆ ಒಂದು ತಿಂಗಳ ಅಮಾನತು, 50 ಡಾಲರ್ ದಂಡ. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಖಾಸಗಿ ಪತ್ರದಲ್ಲಿ ಇದನ್ನು ಫಿಲಿಪಿನೋಗಳದ್ದೇ ಹಳೆಯ, ‘ಸೌಮ್ಯ’ ಟಾರ್ಚರ್ ಎಂದು ಕರೆದರು. ನೋಡಿ, ಟಾರ್ಚರ್ ಎಂಬ ಪದ ಅವರ ಬಾಯಿಗೆ ಬಂತು, ಆದರೆ ಮುಂದೊಂದು ವಿಶೇಷಣ ಸೇರಿಸಿಕೊಂಡು, ಪಿತೃತ್ವವನ್ನು ಬೇರೆಯವರಿಗೆ ದಾಟಿಸಿಕೊಂಡು.

ಆ ವರ್ಷದ ಮೇ 22ರ ‘ಲೈಫ್’ ಮುಖಪುಟವನ್ನು ಸಿಕ್ಕರೆ ನೋಡಿ. ಆಗ ಅದು ವ್ಯಂಗ್ಯ ಪತ್ರಿಕೆ. ಮುಂದೆ ನೆಲದ ಮೇಲೆ ಬಿದ್ದ ಬಂದಿಗೆ ಸೈನಿಕರು ನೀರು ಹೊಯ್ಯುತ್ತಿದ್ದಾರೆ, ಹಿಂದೆ ಯುರೋಪಿನ ವಸಾಹತುಶಾಹಿಗಳು ಸಾಲಾಗಿ ನಿಂತು ನಗುತ್ತಿದ್ದಾರೆ. ಈ ಧರ್ಮಭೀರು ಅಮೆರಿಕನ್ನರು ಇನ್ನು ಮೇಲೆ ನಮಗೆ ಕಲ್ಲು ಹೊಡೆಯುವಂತಿಲ್ಲ ಎಂಬುದು ಕೆಳಗಿನ ಸಾಲಿನ ಧಾಟಿ. ಸುದ್ದಿಪುಟದಲ್ಲಿ ಚಿಕಿತ್ಸೆಯಾಗಿದ್ದುದನ್ನು ವ್ಯಂಗ್ಯಚಿತ್ರಕಾರ ಏನೆಂದು ಕಂಡ ಎಂಬುದಕ್ಕೆ ವಿವರಣೆ ಬೇಕಿಲ್ಲ.

ಅಚ್ಚುಮೊಳೆ

ತಿದ್ದುಪಡಿ ಚೆನ್ನಾಗಿದೆ, ಆದರೆ ಅದು ಒಟ್ಟು ವಾದಕ್ಕೆ ಬಲವನ್ನೇ ತುಂಬುತ್ತದೆ. 1902ರಲ್ಲಿ ಮಾಡಿದವರು ಅಮೆರಿಕನ್ನರು, ಪದ ಮೆತ್ತಗಾಯಿತು. ಎರಡನೆಯ ಮಹಾಯುದ್ಧದಲ್ಲಿ ಮಾಡಿದವರು ಜಪಾನೀಯರು, ಪದ ಗಟ್ಟಿಯಾಯಿತು. 1942ರ ಏಪ್ರಿಲಿನಲ್ಲಿ ಟೋಕಿಯೋ ಮೇಲೆ ಬಾಂಬು ಹಾಕಿದ ಡೂಲಿಟಲ್ ತಂಡದ ಚೇಸ್ ನೀಲ್ಸನ್ ಸೆರೆಸಿಕ್ಕು, ಯುದ್ಧ ಮುಗಿದ ಮೇಲೆ ಶಾಂಘೈ ವಿಚಾರಣೆಯಲ್ಲಿ ಇದೇ ನೀರಿನ ಹಿಂಸೆಯನ್ನು ವಿವರಿಸಿದರು. ಟೋಕಿಯೋ ವಿಚಾರಣೆಯ ತೀರ್ಪು ಟಾರ್ಚರ್‌ನ ಬಗೆಗಳನ್ನು ಪಟ್ಟಿ ಮಾಡುವಾಗ ನೀರಿನ ವಿಧಾನವನ್ನೂ ಹೆಸರಿಸಿತು. ಹಾರ್ವರ್ಡ್ ಅಧ್ಯಯನದಲ್ಲಿ ಇನ್ನೊಂದು ಲೆಕ್ಕವಿದೆ. ಬೇರೆ ದೇಶದವರು ಮಾಡಿದಾಗ ನ್ಯೂಯಾರ್ಕ್ ಟೈಮ್ಸ್ 33ರಲ್ಲಿ 28 ಸಲ ಟಾರ್ಚರ್ ಎಂದಿತು. ಅಮೆರಿಕದವರು ಮಾಡಿದಾಗ 208ರಲ್ಲಿ 16 ಸಲ.

ವಕಾಲತ್ತು

ನಡುವೆ ಇನ್ನೊಂದು. ಟೆಕ್ಸಸ್‌ನ ಶೆರಿಫ್ (ಸ್ಥಳೀಯ ಪೊಲೀಸ್ ಮುಖ್ಯಸ್ಥ) ಒಬ್ಬ ಕೈದಿಗಳ ಮುಖಕ್ಕೆ ಟವೆಲ್ ಹಾಕಿ ನೀರು ಸುರಿದು ತಪ್ಪೊಪ್ಪಿಗೆ ಪಡೆದಿದ್ದ. ಅಮೆರಿಕದ ನ್ಯಾಯ ಇಲಾಖೆಯೇ ಮೊಕದ್ದಮೆ ಹೂಡಿತು, 1983ರಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು. 2002ರಲ್ಲಿ ಟಿಪ್ಪಣಿ ಬರೆದದ್ದೂ ಅದೇ ಇಲಾಖೆ.

ಎಡಿಸನ್ ಕನ್ನಡಿಗ

ನಾನು ಆ ವರ್ಷಗಳಲ್ಲಿ ಇಲ್ಲಿ ನ್ಯೂಜೆರ್ಸಿಯಲ್ಲಿದ್ದೆ. ಕಾರಿನಲ್ಲಿ ಎನ್‌ಪಿಆರ್ (ಅಲ್ಲಿನ ಸಾರ್ವಜನಿಕ ಬಾನುಲಿ) ಕೇಳಿಕೊಂಡು ಕೆಲಸಕ್ಕೆ ಹೋಗುವವನು. 2009ರ ಏಪ್ರಿಲಿನಲ್ಲಿ ಒಬಾಮಾ ಸರ್ಕಾರ ಹಳೆಯ ಟಿಪ್ಪಣಿಗಳನ್ನು ಬಿಡುಗಡೆ ಮಾಡಿತು. ಸೆಪ್ಟೆಂಬರ್ 11ರ ದಾಳಿಯ ಸಂಚಿನ ಆರೋಪಿ ಖಾಲಿದ್ ಶೇಖ್ ಮೊಹಮ್ಮದ್ ಮೇಲೆ 183 ಸಲ, ಸಿಐಎಯ ಮತ್ತೊಬ್ಬ ಕೈದಿ ಅಬು ಜುಬೈದಾ ಮೇಲೆ ಕನಿಷ್ಠ 83 ಸಲ ನೀರು ಸುರಿದದ್ದು ಅದರಲ್ಲಿ ಹೊರಬಂತು. ಅಷ್ಟಾದ ಮೇಲೂ ಬಾನುಲಿಯಲ್ಲಿ ಟಾರ್ಚರ್ ಎಂಬ ಪದವಿಲ್ಲ. ಕೇಳುಗರ ದೂರುಗಳು ಹೆಚ್ಚಾಗಿ, ಆ ಜೂನಿನಲ್ಲಿ ಕೇಳುಗರ ದೂರು ಪರಿಶೀಲಿಸುವ ಸಂಸ್ಥೆಯ ಓಂಬುಡ್ಸ್‌ಮನ್ ಅಲಿಸಿಯಾ ಶೆಫರ್ಡ್ ಸಮಜಾಯಿಷಿ ಬರೆದರು. ಆ ಪದ ಬಳಸಿದರೆ ಒಂದು ಪಕ್ಷ ವಹಿಸಿದಂತಾಗುತ್ತದೆ, ತಂತ್ರಗಳನ್ನು ವಿವರಿಸಿದರೆ ಸಾಕು ಎಂಬುದು ಅದರ ಸಾರ. ಮೇಲೆ ಸುಮ್ಮನೆ ಓದುಗ ಅವರು ಹೇಳಿದ ಮಾತೇ.

ಆದರೆ ನನ್ನ ತಲೆಯಲ್ಲಿ ಕೂತಿರುವುದು ಅದೇ 2009ರ ಮೇ ತಿಂಗಳ ಒಂದು ಮರಣವಾರ್ತೆ. ಕೊರಿಯಾ ಯುದ್ಧದಲ್ಲಿ ಚೀನೀಯರ ಸೆರೆಯಾಗಿದ್ದ ವಿಮಾನ ಚಾಲಕ ಹೆರಾಲ್ಡ್ ಫಿಶರ್ ತೀರಿಕೊಂಡಿದ್ದರು. ನ್ಯೂಯಾರ್ಕ್ ಟೈಮ್ಸ್ ತಲೆಬರಹದಲ್ಲೇ, ಚೀನಾದ ಜೈಲಿನಲ್ಲಿ ಟಾರ್ಚರ್‌ಗೆ ಒಳಗಾದ ಅಮೆರಿಕನ್ ವೈಮಾನಿಕ ಎಂದು ಬರೆಯಿತು. ಏನು ಮಾಡಿದ್ದರು? ಹಾಸಿಗೆಯಿಲ್ಲದ, ಕತ್ತಲು ಕವಿದ, ತೇವದ ಕೋಣೆ. ಅನ್ನ ತಳ್ಳಲು ಬಾಗಿಲಲ್ಲೊಂದು ಕಿಂಡಿ. ಬಹುಕಾಲ ಕೈಗೆ ಕೋಳ. ಗಂಟೆಗಟ್ಟಲೆ ಕಿವಿ ಕೊರೆಯುವ ಸೀಟಿ. ಕೊನೆಗೆ ರೋಗಾಣು ಯುದ್ಧದಲ್ಲಿ ಭಾಗವಹಿಸಿದೆ ಎಂಬ ಸುಳ್ಳು ತಪ್ಪೊಪ್ಪಿಗೆ. ಇದು ಟಾರ್ಚರ್ ಹೌದು, ನನಗೆ ಅನುಮಾನವಿಲ್ಲ. ಆದರೆ ಅಂಕಣಕಾರ ಆಂಡ್ರ್ಯೂ ಸಲಿವನ್ ಆಗಲೇ ಎತ್ತಿ ತೋರಿಸಿದಂತೆ, ಇದಕ್ಕಿಂತ ಹೆಚ್ಚಿನದನ್ನು ಸಿಐಎ ಮಾಡಿದಾಗ ಅದೇ ಪತ್ರಿಕೆಗೆ ಬೇರೆ ಪದ ಬೇಕಾಗಿತ್ತು.

ಕೆಂಪು ಪೆನ್ನು

ಬೇರೆ ಪದ ಯಾವುದೆಂದು ಯಾರೂ ಹೇಳಲಿಲ್ಲ. ಓದುಗರ ಪರವಾಗಿ ಆ ಪತ್ರಿಕೆಯನ್ನೇ ವಿಮರ್ಶಿಸುತ್ತಿದ್ದ ಸಾರ್ವಜನಿಕ ಸಂಪಾದಕ ಕ್ಲಾರ್ಕ್ ಹೋಯ್ಟ್ 2009ರ ಏಪ್ರಿಲಿನ ಅಂಕಣದಲ್ಲಿ ಒಳಗಿನ ಕಥೆ ಬರೆದಿದ್ದಾರೆ. ಸರ್ಕಾರ ಈ ವಿಚಾರಣೆಯನ್ನು ‘ಎನ್‌ಹ್ಯಾನ್ಸ್‌ಡ್’ (ತೀವ್ರಗೊಳಿಸಿದ) ಎನ್ನುತ್ತಿತ್ತು. ಪತ್ರಿಕೆ ಅದನ್ನು ಒಪ್ಪದೆ ‘ಹಾರ್ಶ್’ ಎನ್ನುತ್ತಿತ್ತು. ಬೆತ್ತಲೆ ನಿಲ್ಲಿಸಿದ್ದು, ಗೋಡೆಗೆ ಅಪ್ಪಳಿಸಿದ್ದು, ಹನ್ನೊಂದು ದಿನದವರೆಗೆ ನಿದ್ರೆಗೆಡಿಸಲು ಅನುಮತಿ ಇದ್ದದ್ದು ಎಲ್ಲ ಹೊರಬಂದ ಮೇಲೆ ‘ಹಾರ್ಶ್’ ತೀರಾ ಪೇಲವ ಎನಿಸಿತು. ಸಂಪಾದಕರು ಕೂತು ಚರ್ಚಿಸಿ ‘ಬ್ರೂಟಲ್’ಗೆ ಬಂದರು. ಕಠಿಣದಿಂದ ಕ್ರೂರಕ್ಕೆ ಬಡ್ತಿ. ಮುಂದಿನ ಮೆಟ್ಟಿಲು ಹತ್ತಲು ಮತ್ತೆ ಐದು ವರ್ಷ.

ಇನ್ನು ನಮ್ಮ ಕಡೆ ಬೆರಳು ತೋರಿಸುವ ಮುನ್ನ ಒಂದು ಮಾತು. ‘ಪೊಲೀಸರು ತಮ್ಮದೇ ಶೈಲಿಯಲ್ಲಿ ವಿಚಾರಣೆಗೆ ಒಳಪಡಿಸಿದಾಗ ಆರೋಪಿ ಬಾಯಿಬಿಟ್ಟಿದ್ದಾನೆ’ ಎಂಬ ವಾಕ್ಯ ಇಲ್ಲಿರುವ ಡೆಸ್ಕಿನವರಲ್ಲಿ ಯಾರ ಕೈಯಿಂದ ಹೋಗಿಲ್ಲ, ಹೇಳಿ. ಇಡೀ ರಾಜ್ಯಕ್ಕೆ ಅದರ ಅರ್ಥ ಗೊತ್ತು. ಅರ್ಥ ಗೊತ್ತಿದ್ದೂ ಯಾರಿಗೂ ತೊಡಕಾಗದ ವಾಕ್ಯ ಅದು. ಅದಕ್ಕೇ ಸುಮ್ಮನೆ ಓದುಗ ಅವರ ‘ಓದುಗನಿಗೆ ಗೊತ್ತಾಗುತ್ತದೆ’ ಎಂಬ ವಾದ ನನಗೆ ಸಮಾಧಾನ ಕೊಡುವುದಿಲ್ಲ.

ಸುಮ್ಮನೆ ಓದುಗ

ಅದನ್ನು ಒಪ್ಪುತ್ತೇನೆ. ಆದರೆ ಅಮೆರಿಕದ ಪತ್ರಿಕೆಗಳಿಗೆ ಸರ್ಕಾರದ ಮಾತು ಮೀರುವ ಧೈರ್ಯವೇ ಇರಲಿಲ್ಲ ಎಂದರೆ ಒಪ್ಪುವುದಿಲ್ಲ.

ಎಡಿಸನ್ ಕನ್ನಡಿಗ

ಧೈರ್ಯ ಇತ್ತು, ಅದೇ ವಿಚಿತ್ರ. ಇರಾಕಿನಲ್ಲಿ ಶಿಯಾ–ಸುನ್ನಿ ಹತ್ಯೆಗಳು ಮಿತಿಮೀರಿದಾಗ ಅದನ್ನು ‘ಅಂತರ್ಯುದ್ಧ’ ಎನ್ನಬಾರದೆಂದು ಶ್ವೇತಭವನ ಪಟ್ಟು ಹಿಡಿದಿತ್ತು. 2006ರ ನವೆಂಬರ್ 27ರ ಬೆಳಗ್ಗೆ ಎನ್‌ಬಿಸಿಯ ಮ್ಯಾಟ್ ಲಾವರ್, ಇನ್ನು ಮುಂದೆ ನಮ್ಮ ವಾಹಿನಿ ಇದನ್ನು ಅಂತರ್ಯುದ್ಧ ಎಂದೇ ಕರೆಯುತ್ತದೆ ಎಂದು ನೇರಪ್ರಸಾರದಲ್ಲಿ ಘೋಷಿಸಿದರು. ಲಾಸ್ ಏಂಜಲೀಸ್ ಟೈಮ್ಸ್ ಅದಕ್ಕೂ ಮೊದಲೇ ಹಾಗೆ ಬರೆಯುತ್ತಿತ್ತು. ಶ್ವೇತಭವನ ಒಪ್ಪಲಿಲ್ಲ, ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ. ಅಲ್ಲಿಯೂ ವಿವಾದವಿತ್ತು, ಎರಡು ಪಕ್ಷವಿತ್ತು. ಆದರೆ ಅಂತರ್ಯುದ್ಧದಲ್ಲಿ ಕೊಲ್ಲುತ್ತಿದ್ದವರು ಇರಾಕಿಗಳು.

ಮಲೆನಾಡ ಮಳೆ

‘ಎನ್‌ಹ್ಯಾನ್ಸ್‌ಡ್ ಇಂಟರಾಗೇಶನ್’ ಎಂಬುದು ನಾಜಿಗಳ ಮಾತಿನ ನೇರ ಅನುವಾದ ಎಂದು ಎಲ್ಲೋ ಓದಿದ್ದೆ. ನಿಜವೇ?

ತುಂಗೆಯ ದಡ

ನೇರ ಅನುವಾದ ಎನ್ನುವುದು ಹೆಚ್ಚಾಯಿತು. ಗೆಸ್ಟಾಪೊ ಕಡತಗಳಲ್ಲಿ ‘ತೀವ್ರಗೊಳಿಸಿದ ವಿಚಾರಣೆ’ ಎಂಬ ಅರ್ಥದ ಜರ್ಮನ್ ಪದಪುಂಜವಿತ್ತು, 1942ರ ಜೂನಿನ ಆದೇಶವೊಂದು ಅದರ ನಿಯಮಗಳನ್ನೂ ಬರೆದಿಟ್ಟಿತ್ತು. ಹೋಲಿಕೆ ಮೈ ನಡುಗಿಸುತ್ತದೆ, ನಿಜ. ಆದರೆ ವಾಷಿಂಗ್ಟನ್ನಿನ ಅಧಿಕಾರಿಗಳು ಅಲ್ಲಿಂದ ಎರವಲು ತಂದರು ಎನ್ನಲು ಆಧಾರವಿಲ್ಲ. ಕಚೇರಿಯ ಭಾಷೆಗೆ ಯಾವ ದೇಶದಲ್ಲಾದರೂ ಇಂತಹ ಪದ ತಾನಾಗಿಯೇ ಹೊಳೆಯುತ್ತದೆ ಎಂಬುದೇ ಹೆಚ್ಚು ಭಯದ ಸಂಗತಿ.

ಅಚ್ಚುಮೊಳೆ

ಈಗ 2014ಕ್ಕೆ ಬರೋಣ. ಆಗಸ್ಟ್ 1ರಂದು ಒಬಾಮಾ ಪತ್ರಿಕಾಗೋಷ್ಠಿಯಲ್ಲಿ, ನಾವು ಕೆಲವರಿಗೆ ಟಾರ್ಚರ್ ಕೊಟ್ಟೆವು ಎಂದು ಬಾಯಿಬಿಟ್ಟು ಹೇಳಿದರು. ಆಗಸ್ಟ್ 7ರಂದು ನ್ಯೂಯಾರ್ಕ್ ಟೈಮ್ಸ್‌ನ ಪ್ರಧಾನ ಸಂಪಾದಕ ಡೀನ್ ಬಕೇ, ಮಾಹಿತಿ ಹೊರಡಿಸಲು ಕೈದಿಗೆ ನೋವು ಕೊಟ್ಟದ್ದು ಖಚಿತವಾಗಿ ಗೊತ್ತಿರುವ ಕಡೆ ಇನ್ನು ಮುಂದೆ ಟಾರ್ಚರ್ ಎಂದೇ ಬರೆಯುತ್ತೇವೆ ಎಂದು ಪ್ರಕಟಿಸಿದರು. ತಮ್ಮ ವರದಿಗಾರರೇ ಒತ್ತಾಯಿಸಿದ್ದರು ಎಂದೂ ತಿಳಿಸಿದರು. ಪದದ ಕಾನೂನು ಅರ್ಥವನ್ನು ಕುರಿತ ಜಗಳ ಈಗ ಹಿಂದೆ ಸರಿದಿದೆ, ನ್ಯಾಯ ಇಲಾಖೆ ಯಾರ ಮೇಲೂ ಮೊಕದ್ದಮೆ ಹೂಡುವುದಿಲ್ಲವೆಂದು ಸ್ಪಷ್ಟವಾಗಿದೆ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಈ ಕಾರಣವನ್ನು ನಾನು ಪ್ರತಿ ಸಲ ಓದಿದಾಗಲೂ ಬೆರಗಾಗುತ್ತೇನೆ. ಶಿಕ್ಷೆಯಾಗುವ ಸಾಧ್ಯತೆ ಇರುವವರೆಗೆ ಪದ ಬೇಡ, ಸಾಧ್ಯತೆ ತಪ್ಪಿದ ಮೇಲೆ ಬಳಸಬಹುದು. ಹಲ್ಲು ಕಿತ್ತ ಮೇಲೆ ಹಾವಿಗೆ ಹಾವೆನ್ನಲು ಯಾರ ಅಪ್ಪಣೆ ಬೇಕು?

ಹಳೆಯ ಡೆಸ್ಕ್

ಅದನ್ನೇ ಮತ್ತೊಂದು ಬದಿಯಿಂದ ನೋಡಿ. ಮೊಕದ್ದಮೆ ಬರಬಹುದಾದ ಹೊತ್ತಿನಲ್ಲಿ ಅಪರಾಧದ ಹೆಸರು ಬಳಸುವಾಗ ಎಚ್ಚರ ಹೆಚ್ಚಿರಬೇಕು ಎಂಬುದು ಸಾಮಾನ್ಯ ಶಿಸ್ತು. ವಕಾಲತ್ತು ಮೇಡಂ ಅವರ ‘ಕೊಲೆ ಆರೋಪಿ’ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಹೌದು. ಆದರೂ ಶಿಸ್ತೇ ತಪ್ಪು ಎಂದು ಹೇಳಲಾರೆ. ಅದನ್ನು ಎಲ್ಲ ದೇಶದವರಿಗೂ ಒಂದೇ ಸಮ ಅನ್ವಯಿಸಲಿಲ್ಲ ಎಂಬುದು ತಪ್ಪು.

ವಕಾಲತ್ತು

ಅಲ್ಲಿಗೆ ನಮ್ಮಿಬ್ಬರ ಜಗಳ ಅರ್ಧ ಮುಗಿಯಿತು ಸರ್. ಉಳಿದರ್ಧಕ್ಕೆ ಇದನ್ನೂ ಸೇರಿಸಿಕೊಳ್ಳಿ. ಜಾನ್ ಕಿರಿಯಾಕು ಎಂಬ ಮಾಜಿ ಸಿಐಎ ಅಧಿಕಾರಿ 2007ರ ಡಿಸೆಂಬರಿನಲ್ಲಿ ಎಬಿಸಿ ವಾಹಿನಿಗೆ ಸಂದರ್ಶನ ಕೊಟ್ಟರು. ಅಬು ಜುಬೈದಾ ಅರ್ಧ ನಿಮಿಷದಲ್ಲೇ ಸೋತು ಬಾಯಿಬಿಟ್ಟ ಎಂದರು. ಅವರು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಆದರೂ ಆ ಅರ್ಧ ನಿಮಿಷದ ಕಥೆ ವಾಹಿನಿಯಿಂದ ವಾಹಿನಿಗೆ ಹಾರಿತು, 83 ಎಂಬ ಸಂಖ್ಯೆ ಹೊರಬೀಳುವವರೆಗೂ ಓಡಿತು. ಮುಂದೆ 2013ರಲ್ಲಿ ಅದೇ ಕಿರಿಯಾಕು ಅವರಿಗೆ ಮೂವತ್ತು ತಿಂಗಳ ಜೈಲಾಯಿತು. ಯಾರನ್ನೋ ಹಿಂಸಿಸಿದ್ದಕ್ಕಲ್ಲ, ರಹಸ್ಯ ಅಧಿಕಾರಿಯೊಬ್ಬರ ಹೆಸರನ್ನು ಪತ್ರಕರ್ತರಿಗೆ ತಿಳಿಸಿದ್ದಕ್ಕೆ.

ಮತ್ತೆ 2014ರ ಡಿಸೆಂಬರ್ 9ರ ಸೆನೆಟ್ ಸಮಿತಿಯ ವರದಿ. ಸಿಐಎ ವಶದಲ್ಲಿದ್ದವರು 119 ಮಂದಿ, ಅವರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದಿಟ್ಟದ್ದೇ ತಪ್ಪು ಎಂದು ಅದು ಹೇಳಿತು. ತನ್ನ ಕ್ರಮಗಳು ಫಲ ಕೊಟ್ಟವೆಂಬ ಕಥೆಯನ್ನು ಸಂಸ್ಥೆಯೇ ಪತ್ರಕರ್ತರ ಕಿವಿಗೆ ಹಾಕುತ್ತಿತ್ತು ಎಂಬುದೂ ಅದರಲ್ಲಿದೆ. ಹೆಸರಿಡಲು ಸರ್ಕಾರವನ್ನು ಕಾದವರು, ಕಥೆಗೂ ಅಲ್ಲಿಗೇ ಹೋದರು.

ಕೆಂಪು ಪೆನ್ನು

ಹಳೆಯ ಡೆಸ್ಕ್ ಸರ್ ಅವರಿಗೊಂದು ಸವಾಲು. 2004ರ ಮೇ 13ರ ರಾತ್ರಿ, ಏಜೆನ್ಸಿಯ ಪ್ರತಿ ನಿಮ್ಮ ಮೇಜಿಗೆ ಬಂದಿದೆ. ಮುಖಪುಟ, ಎರಡು ಕಾಲಂ. ತಲೆಬರಹ ಕೊಡಿ. ನನ್ನದು: ‘ಸಿಐಎ ಕೈದಿಗಳಿಗೆ ನೀರಿನ ಚಿತ್ರಹಿಂಸೆ: ಆರೋಪ’.

ಹಳೆಯ ಡೆಸ್ಕ್

ಎರಡು ಕಾಲಮಿಗೆ ಹಿಡಿಯುವುದಿಲ್ಲ, ಮೂರನೆಯ ಸಾಲಿಗೆ ‘ಆರೋಪ’ ಒಂಟಿಯಾಗಿ ಉಳಿಯುತ್ತದೆ. ‘ನೀರಿನ’ ಎಂಬುದನ್ನು ಉಪಶೀರ್ಷಿಕೆಗೆ ಇಳಿಸಿ, ‘ಸಿಐಎಯಿಂದ ಚಿತ್ರಹಿಂಸೆ: ಆರೋಪ’ ಎಂದು ಮಾಡುತ್ತೇನೆ. ಚಿತ್ರಹಿಂಸೆ ಇರಲಿ. ‘ಆರೋಪ’ವನ್ನು ಮಾತ್ರ ತೆಗೆಯಲು ಬಿಡುವುದಿಲ್ಲ, ಬೇಕಾದರೆ ಸಂಪಾದಕರನ್ನೇ ಫೋನಿನಲ್ಲಿ ಎಬ್ಬಿಸಿ.

ವಕಾಲತ್ತು

ಎಬ್ಬಿಸುವುದು ಬೇಡ, ಇದಕ್ಕೆ ನನ್ನ ತಕರಾರಿಲ್ಲ. ಉಪಶೀರ್ಷಿಕೆಯಲ್ಲಿ ಮಾತ್ರ ‘ಮುಳುಗಿದಂತೆ ಭಾಸ’ ಎಂದು ಬರೆಯಬೇಡಿ.